ವೇದಿಕೆ ಮೇಲಿನ ಗಣ್ಯರಿಗೆ, ಮೈಕಿನವನಿಂದ

ಫರಂಗಿಪೇಟೆ,
ಪತ್ತನಾಜೆ ಕಳೆದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ವಾರ

ವೇದಿಕೆಯನ್ನು ಅಲಂಕರಿಸಿರುವ ಸಭಾಧ್ಯಕ್ಷರೇ, ಉದ್ಘಾಟಕರೇ, ಮುಖ್ಯ ಅತಿಥಿಗಳೇ, ಗೌರವ ಉಪಸ್ಥಿತಿಯವರೇ, ವಿಶೇಷ ಆಹ್ವಾನಿತರೇ, ಹೆಸರು ಬಿಟ್ಟುಹೋಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕಾದ ಇನ್ನಿತರ ಗಣ್ಯರೇ,

ಇಷ್ಟಕ್ಕೇ ಅರ್ಧ ನಿಮಿಷ ಹೋಯಿತು. ಪರವಾಗಿಲ್ಲ, ಕರೆಂಟು ಉಂಟು.

ನನ್ನ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ, ನನ್ನ ಕೈ ಗೊತ್ತುಂಟು. ನೀವು ಮೈಕಿನ ಎದುರು ಬಂದು ಗಂಟಲು ಸರಿಮಾಡಿಕೊಳ್ಳುವಾಗ ವೇದಿಕೆಯ ಬದಿಯಿಂದ ಒಬ್ಬ ಬೆನ್ನು ಬಗ್ಗಿಸಿಕೊಂಡು ಓಡಿ ಬಂದು, ಮೈಕಿನ ಕುತ್ತಿಗೆಯನ್ನು ನಿಮ್ಮ ಬಾಯಿಯ ಮಟ್ಟಕ್ಕೆ ತಿರುಗಿಸಿ, ಹಾಗೆಯೇ ಬಗ್ಗಿಕೊಂಡು ವಾಪಸು ಹೋಗುತ್ತಾನಲ್ಲ, ಅವನ ಕೈ. ಬಗ್ಗುವುದು ವಿನಯದಿಂದಲ್ಲ, ಫೋಟೋದಲ್ಲಿ ಬೀಳಬಾರದು ಅಂತ. ಆದರೂ ಕೆಲವು ಸಲ ಪೇಪರಿನಲ್ಲಿ ನಿಮ್ಮ ಎದೆಯ ಹತ್ತಿರ ಯಾರದೋ ಮೊಣಕೈ ಬಂದಿರುತ್ತದೆ. ಅದು ನಾನು.

28 ವರ್ಷದಿಂದ ಈ ಕೆಲಸ. ಫರಂಗಿಪೇಟೆ, ಮಾರಿಪಳ್ಳ, ತುಂಬೆ, ಅರ್ಕುಳ, ಆಚೆ ಪೊಳಲಿ, ಈಚೆ ಬಿ.ಸಿ.ರೋಡ್. ಶಾಲೆಯ ವಾರ್ಷಿಕೋತ್ಸವ, ಇಗರ್ಜಿಯ ಹಬ್ಬ, ಮೀಲಾದ್, ಮೊಸರುಕುಡಿಕೆ, ಗಣೇಶೋತ್ಸವ, ಸೊಸೈಟಿಯ ಮಹಾಸಭೆ, ನೂರು ಮೀಟರ್ ಕಾಂಕ್ರೀಟ್ ರಸ್ತೆಯ ಉದ್ಘಾಟನೆ. ವೇದಿಕೆಯ ಬ್ಯಾನರು ಬದಲಾಗುತ್ತದೆ, ಪ್ಲಾಸ್ಟಿಕ್ ಕುರ್ಚಿಗೆ ಹಾಕುವ ಬಟ್ಟೆಯ ಬಣ್ಣ ಬದಲಾಗುತ್ತದೆ, ನನ್ನ ಅಹುಜಾ ಆಂಪ್ಲಿಫೈಯರು ಅದೇ. ಇಷ್ಟು ವರ್ಷದಲ್ಲಿ ನಾನು ಮೈಕಿನಲ್ಲಿ ಆಡಿದ ಒಟ್ಟು ಮಾತು ಇದು: "ಹಲೋ, ಹಲೋ, ಮೈಕ್ ಚೆಕ್, ಒನ್, ಟೂ, ತ್ರೀ." ನಾಲ್ಕಕ್ಕೆ ಯಾವತ್ತೂ ಹೋದವನಲ್ಲ. ಅಷ್ಟರಲ್ಲಿ ನೀವು ಬಂದಿರುತ್ತೀರಿ.

ದೂರು ಹೇಳಲಿಕ್ಕೆ ಬರೆಯುತ್ತಿದ್ದೇನೆ ಅಂತ ತಿಳಿಯಬೇಡಿ. ಇದು ಅಭಿನಂದನಾ ಪತ್ರ. ಶಾಲು ಹಣ್ಣುಹಂಪಲು ನನ್ನಿಂದ ಆಗುವುದಿಲ್ಲ, ಕಾಗದದಲ್ಲಿ ಮುಗಿಸುತ್ತೇನೆ.

ಅಭಿನಂದನೆ ಯಾಕೆಂದರೆ, ಲೋಕದಲ್ಲಿ ಯಾವ ಕೆಲಸವೂ ಅಭ್ಯಾಸ ಇಲ್ಲದೆ ಬರುವುದಿಲ್ಲ ಎಂದು ನಾನು ನಂಬಿದ್ದೆ. ಅಡಿಕೆ ಕೊಯ್ಯುವವನು ಕಾಲಿಗೆ ತಳೆ ಹಾಕಿ ಮೊದಲು ಆಳೆತ್ತರ ಹತ್ತಿ ಇಳಿದು ಕಲಿಯುತ್ತಾನೆ. ಚೆಂಡೆ ಕಲಿಯುವ ಹುಡುಗ ತಿಂಗಳುಗಟ್ಟಲೆ ಮನೆಯ ಬೆಂಚಿಗೆ ಕೋಲು ಬಡಿದು ಅಮ್ಮನಿಂದ ಬೈಸಿಕೊಳ್ಳುತ್ತಾನೆ. ನನ್ನ ಹುಡುಗ, ವಯರು ಸುತ್ತುವವ, ಅದೊಂದನ್ನು ಕಲಿಯಲಿಕ್ಕೆ ಆರು ತಿಂಗಳು ತೆಗೆದುಕೊಂಡ. ಭಾಷಣ ಒಂದಕ್ಕೆ ಮಾತ್ರ ಇದರ ಅಗತ್ಯವೇ ಇಲ್ಲ ಎಂಬುದನ್ನು ನೀವು ಸಾಬೀತು ಮಾಡಿದ್ದೀರಿ. ಕಾರಿನಿಂದ ಇಳಿದು, ಆಮಂತ್ರಣ ಪತ್ರಿಕೆಯನ್ನು ಮಡಚಿ ಬೀಸಿಕೊಳ್ಳುತ್ತಾ, ಪಕ್ಕದವರ ಕಿವಿಯಲ್ಲಿ "ಇದು ಎಂತದ್ದರ ಕಾರ್ಯಕ್ರಮ?" ಎಂದು ಕೇಳಿ ತಿಳಿದುಕೊಂಡು (ಪೋಡಿಯಂ ಮೈಕು ಆನ್ ಇರುತ್ತದೆ, ನನಗೆ ಹೆಡ್‌ಫೋನಿನಲ್ಲಿ ಎಲ್ಲ ಕೇಳುತ್ತದೆ), ಎದ್ದು ನಿಂತು ಮುಕ್ಕಾಲು ಗಂಟೆ ಮಾತಾಡುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ.

"ಸಮಯದ ಅಭಾವ ಇರುವುದರಿಂದ ಎರಡೇ ಎರಡು ಮಾತು" ಎಂದು ನೀವು ಶುರುಮಾಡಿದಾಗ ಒಮ್ಮೆ ಗಡಿಯಾರ ನೋಡಿದ್ದೆ. ಎರಡು ಮಾತಿಗೆ 34 ನಿಮಿಷ. ಇನ್ನೊಬ್ಬರು ಒಂದೇ ಭಾಷಣದಲ್ಲಿ ಐದು ಸಲ "ಕೊನೆಯದಾಗಿ" ಎಂದರು. ಐದು ಸಲವೂ ನಾನು ನಂಬಿದೆ. ಪ್ರತಿ ಸಲ ವಾಲ್ಯೂಮಿನ ಗುಬ್ಬಿಗೆ ಕೈ ಇಟ್ಟು ತಯಾರಾದೆ. ನಾಲ್ಕನೆಯದಕ್ಕೆ ಸಭೆಯಲ್ಲಿ ಯಾರೋ ಚಪ್ಪಾಳೆ ಹೊಡೆದರು, ಅವರ ಹಿಂದೆ ಎಲ್ಲರೂ ಹೊಡೆದರು. ಚಪ್ಪಾಳೆಯಲ್ಲಿ ಎರಡು ಜಾತಿ ಉಂಟು, ದೂರದಲ್ಲಿ ಕೂತು ಕೇಳುವ ನಮಗೆ ಗೊತ್ತಾಗುತ್ತದೆ. ಅದು ಎಬ್ಬಿಸುವ ಚಪ್ಪಾಳೆ ಅಲ್ಲ, ಕೂರಿಸುವ ಚಪ್ಪಾಳೆ. ಆ ಭಾಷಣಕಾರರು ಅದನ್ನು ಮೊದಲನೆಯದು ಎಂದು ತಿಳಿದು, ಕೈಮುಗಿದು, ಹುರುಪಿನಿಂದ ಐದನೇ "ಕೊನೆಯದಾಗಿ"ಗೆ ಹೋದರು.

ಮೊದಲೆಲ್ಲ ಇದರಿಂದ ಯಾರಿಗೂ ನಷ್ಟ ಇರಲಿಲ್ಲ. ಸಭೆ ಒಂಬತ್ತಕ್ಕೆ ಮುಗಿದರೆ ಯಕ್ಷಗಾನದ ಆಟ ಒಂಬತ್ತೂವರೆಗೆ ಶುರು, ಬೆಳಗಾಗುವವರೆಗೆ ಬೇಕಾದಷ್ಟು ಹೊತ್ತು. ಆಮೇಲೆ 2000ನೇ ಇಸವಿಯ ಶಬ್ದಮಾಲಿನ್ಯದ ನಿಯಮ ಬಂತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಅದು ಬಿಗಿಯಾದ ಹಾಗೆ ಕಾಲಮಿತಿ ಆಟಗಳು ಹೆಚ್ಚಿದವು. ಈಗ ಆಟಕ್ಕೆ ಕೊನೆ ಎಂಬುದು ಮೊದಲೇ ಗೊತ್ತಿರುವ ಸಂಗತಿ. ಕೊನೆ ಗೊತ್ತಿಲ್ಲದಿರುವುದು ಭಾಷಣಕ್ಕೆ ಮಾತ್ರ. ಹಾಗಾಗಿ ನೀವು ತೆಗೆದುಕೊಳ್ಳುವ ಒಂದೊಂದು ನಿಮಿಷವೂ ಪ್ರಸಂಗದ ನಡುವಿನಿಂದ ಹೋಗುತ್ತದೆ. ಪದ್ಯ ಹಾರುತ್ತದೆ, ಯುದ್ಧ ಮೊಟಕಾಗುತ್ತದೆ, ದೇವಿ ಪ್ರತ್ಯಕ್ಷಳಾದ ಮರುಗಳಿಗೆ ಮಂಗಳ.

ಒಂದು ರಾತ್ರಿ ವಯರು ನೋಡಲಿಕ್ಕೆ ವೇಷ ಕಟ್ಟುವ ಚೌಕಿಗೆ ಹೋಗಿದ್ದೆ. ಮಹಿಷಾಸುರನ ವೇಷದವರು ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು ಪೂರ್ತಿ ಸಿದ್ಧರಾಗಿ ಪೆಟ್ಟಿಗೆಯ ಮೇಲೆ ಕೂತಿದ್ದರು. ಬಣ್ಣಕ್ಕೆ ಕೂತದ್ದು ಸಂಜೆಯೇ. ಚುಟ್ಟಿ ಉದುರದ ಹಾಗೆ ಸ್ಟ್ರಾ ಹಾಕಿಕೊಂಡು ಬೊಂಡದ ನೀರು ಕುಡಿಯುತ್ತಿದ್ದರು. ಹೊರಗಡೆ ನೀವು ಸಂಸ್ಕೃತಿಯನ್ನು ಉಳಿಸಬೇಕಾದ ಅಗತ್ಯದ ಬಗ್ಗೆ ಹೇಳುತ್ತಿದ್ದಿರಿ. ಮಹಿಷಾಸುರ ಕಣ್ಣನ್ನು ಮಾತ್ರ ಹೊರಳಿಸಿ, ತುಟಿ ಅಲುಗಿಸದೆ, "ಮುಗಿಂಡಾ?" ಎಂದು ಕೇಳಿದರು. ಇನ್ನೂ ಇಲ್ಲ, ಈಗ ಎರಡನೇ "ಕೊನೆಯದಾಗಿ" ಎಂದೆ. ಅವರು ಮತ್ತೆ ಸ್ಟ್ರಾಕ್ಕೆ ಹೋದರು.

ಇಷ್ಟೆಲ್ಲ ಹೇಳುವ ನಾನು ಏನು ಮಹಾ ಮಾತುಗಾರ ಎಂದು ಕೇಳಿದರೆ ಆ ಕಥೆಯೂ ಉಂಟು. ಮೂರು ವರ್ಷದ ಹಿಂದೆ ಮಗಳು ಓದುವ ಶಾಲೆಯ ಕಾರ್ಯಕ್ರಮಕ್ಕೆ ಮೈಕ್ ಸೆಟ್ ಉಚಿತವಾಗಿ ಹಾಕಿದ್ದೆ. ದಾನಿಗಳು ಎರಡು ಮಾತು ಆಡಬೇಕು ಎಂದು ನಿರೂಪಕರು ಇದ್ದಕ್ಕಿದ್ದಂತೆ ಕರೆದರು. ಹೋದೆ. ನಾನೇ ಇಟ್ಟ ಮೈಕು, ಆ ಸ್ಟ್ಯಾಂಡಿನ ಸ್ಕ್ರೂ ಎಷ್ಟು ಸುತ್ತಿಗೆ ಬಿಗಿಯಾಗುತ್ತದೆ ಎಂದು ಕೂಡ ಗೊತ್ತಿರುವವನು ನಾನು. ಬೆರಳಿನಿಂದ ಎರಡು ಸಲ ತಟ್ಟಿದೆ. "ಹಲೋ, ಹಲೋ" ಎಂದೆ. ಮಕ್ಕಳು ನಕ್ಕರು. ಮತ್ತೆ ಏನೂ ಬರಲಿಲ್ಲ. ಸ್ವರ ಬಾರದಿದ್ದರೆ ನಾನು ನೋಡುವುದು ಎಲ್ಲಿಗೆ? ಆಂಪ್ಲಿಫೈಯರಿಗೆ. ತಿರುಗಿ ಅದನ್ನೇ ನೋಡಿದೆ. ಹಸಿರು ದೀಪ ಸರಿಯಾಗಿ ಉರಿಯುತ್ತಿತ್ತು, ವಯರು ಕಚ್ಚಿಕೊಂಡೇ ಇತ್ತು. ಫಾಲ್ಟು ಈ ಕಡೆಯದು. ಎಲ್ಲರಿಗೂ ವಂದನೆ ಎಂದು ಇಳಿದೆ. ಆ ರಾತ್ರಿ ಊಟದ ಹೊತ್ತಿಗೆ ಮಗಳು ಏನೂ ಹೇಳಲಿಲ್ಲ. ಅವಳ ಅಮ್ಮ ಎರಡು ಸಲ ಅನ್ನ ಹೆಚ್ಚು ಬಡಿಸಿದಳು.

ಮಾತು ಕಲಿಯಬೇಕು ಅನಿಸಿದ್ದು ಆವಾಗ. ನಮ್ಮ ಕಡೆ ಅದಕ್ಕೆ ಜೇಸಿ ಸಂಸ್ಥೆ ಉಂಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲ ಕಡೆ ಅಂಗಡಿಯವರು, ಮೇಷ್ಟ್ರುಗಳು, ವಕೀಲರು ಎಷ್ಟೋ ಮಂದಿ ಎದ್ದು ನಿಂತು ಮಾತಾಡಲು ಕಲಿತದ್ದು ಜೇಸಿಯ ತರಬೇತಿಯಲ್ಲೇ. ಆದರೆ ಅಲ್ಲಿ ಸದಸ್ಯರಾಗಲು 40 ದಾಟಿರಬಾರದು. ನನಗೆ 51. ಆಗ ಸೌದಿಯ ದಮ್ಮಾಮ್‌ನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ ವಾಪಸು ಬಂದ ಸ್ನೇಹಿತ ಒಬ್ಬ, ಅಲ್ಲಿ ಟೋಸ್ಟ್‌ಮಾಸ್ಟರ್ಸ್ ಅಂತ ಒಂದು ಇತ್ತು, ಹದಿನೈದು ದಿನಕ್ಕೊಮ್ಮೆ ಸೇರಿ ಮಾತಾಡುವುದು, ನಾವೂ ಹಾಗೆ ಮಾಡುವ ಎಂದ. ಮನೆಯಲ್ಲಿ ಹೇಳಿದರೆ ಹೆಂಡತಿ, ಈ ಪ್ರಾಯದಲ್ಲಿ ಬೇಕರಿ ಕೆಲಸ ಯಾಕೆ ಎಂದಳು. ಅವಳ ತಪ್ಪಲ್ಲ. ನಮ್ಮೂರಿನಲ್ಲಿ ಟೋಸ್ಟ್ ಅಂದರೆ ಚಹಾದಲ್ಲಿ ಅದ್ದಿ ತಿನ್ನುವುದು.

ಆ ಟೋಸ್ಟ್ ಬೇರೆ. ಇಂಗ್ಲಿಷರ ಔತಣಗಳಲ್ಲಿ ಗ್ಲಾಸು ಎತ್ತಿ ಹಾರೈಸುವವರನ್ನು ಒಬ್ಬೊಬ್ಬರಾಗಿ ಕರೆಯುವವನಿಗೆ ಟೋಸ್ಟ್‌ಮಾಸ್ಟರ್ ಎಂದು ಹೆಸರು. ಅಂದರೆ ನಮ್ಮ ಕಾರ್ಯಕ್ರಮ ನಿರೂಪಕ. ಅಮೆರಿಕದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬವರು ವೈಎಂಸಿಎಯಲ್ಲಿ ಕೆಲಸಕ್ಕಿದ್ದರು. ಅಲ್ಲಿಗೆ ಬರುವ ಹುಡುಗರಿಗೆ ಸಭೆಯಲ್ಲಿ ಎದ್ದು ನಾಲ್ಕು ಮಾತು ಹೇಳಲಿಕ್ಕೆ, ಸಭೆ ನಡೆಸಲಿಕ್ಕೆ ಬರುವುದಿಲ್ಲ ಎಂದು ಕಂಡು, ಊಟದ ಕೂಟದ ಹಾಗೆ ಅಭ್ಯಾಸ ಶುರುಮಾಡಿದರು. ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಎಂಬ ಊರಿನಲ್ಲಿ 1924ರ ಅಕ್ಟೋಬರ್ 22ರಂದು ಕೂತ ಕೂಟದಿಂದ ಈಗಿನ ಟೋಸ್ಟ್‌ಮಾಸ್ಟರ್ಸ್ ಲೆಕ್ಕ ಹಿಡಿಯುತ್ತದೆ. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ಉಂಟು. ಸ್ಮೆಡ್ಲಿಗಿಂತ ಹನ್ನೆರಡು ವರ್ಷ ಮೊದಲು, 1912ರಲ್ಲಿ, ಡೇಲ್ ಕಾರ್ನೆಗಿ ಭಾಷಣದ ಕ್ಲಾಸು ಶುರುಮಾಡಿದ್ದು ಕೂಡ ನ್ಯೂಯಾರ್ಕಿನ ಒಂದು ವೈಎಂಸಿಎಯಲ್ಲಿ. ಆ ದೇಶದಲ್ಲಿ ಮಾತಾಡಲು ಬಾರದವರೆಲ್ಲ ಅದೇ ಕಟ್ಟಡಕ್ಕೆ ಹೋಗುತ್ತಿದ್ದರು ಕಾಣುತ್ತದೆ. ನಮ್ಮಲ್ಲಿ ಅಂಥವರು ನೇರ ವೇದಿಕೆಗೆ.

ನಮ್ಮದು ಹೈವೇ ಬದಿಯ ಒಂದು ಅಂಗಡಿಯ ಮಹಡಿ. ಹದಿನೈದು ದಿನಕ್ಕೊಮ್ಮೆ, ಆದಿತ್ಯವಾರ ಸಂಜೆ. ಒಂಬತ್ತು ಜನ. ಕೂಟಕ್ಕೆ ಹೆಸರು ಇಟ್ಟಿಲ್ಲ. ಹೆಸರಿಟ್ಟರೆ ಉದ್ಘಾಟನೆ ಆಗಬೇಕು, ಉದ್ಘಾಟನೆ ಅಂದರೆ ನಿಮ್ಮನ್ನು ಕರೆಯಬೇಕು.

ಪದ್ಧತಿ ಎಲ್ಲ ದಮ್ಮಾಮಿನವನು ಹೇಳಿದ್ದು. ತಯಾರು ಮಾಡಿ ತಂದ ಭಾಷಣಕ್ಕೆ ಐದರಿಂದ ಏಳು ನಿಮಿಷ. ಚೀಟಿ ಎತ್ತಿ ಬಂದ ವಿಷಯಕ್ಕೆ ಒಂದರಿಂದ ಎರಡು. ಒಬ್ಬ ಗಡಿಯಾರ ಹಿಡಿದು ಎದುರು ಕೂರುತ್ತಾನೆ. ಐದಕ್ಕೆ ಹಸಿರು ಕಾರ್ಡು, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಆಮೇಲೆ ಮೂವತ್ತು ಸೆಕೆಂಡಿನ ಕರುಣೆ. ನಮ್ಮ ಕೆಂಪು ಕಾರ್ಡು ಯಾರದೋ ಮದುವೆ ಕಾಗದದ ಹಿಂಭಾಗ. ಮಾತಾಡಿ ಕೂತ ಮೇಲೆ ಇನ್ನೊಬ್ಬರು ಎದ್ದು, ಎರಡು ಮೂರು ನಿಮಿಷದಲ್ಲಿ, ನಿಮ್ಮ ಮಾತಿನಲ್ಲಿ ಇದು ನನ್ನ ತಲೆಗೆ ಹೋಯಿತು, ಇದು ಹೋಗಲಿಲ್ಲ ಎಂದು ಮುಖಕ್ಕೇ ಹೇಳುತ್ತಾರೆ. ನೀವು ಕೂತು ಕೇಳಬೇಕು. ಸಮಜಾಯಿಷಿ ಕೊಡುವ ಹಾಗಿಲ್ಲ. ನಿಮ್ಮ ಗಮನಕ್ಕೆ: ಹೀಗೆ ಹೇಳುವವರಿಗೆ ಏನೂ ಆಗುವುದಿಲ್ಲ. ಮುಂದಿನ ಸಲವೂ ಅವರನ್ನು ಕರೆಯುತ್ತೇವೆ.

ಇನ್ನು ತುಂಡು ಮಾತುಗಳ ಲೆಕ್ಕ. ಟೋಸ್ಟ್‌ಮಾಸ್ಟರ್ಸ್‌ನಲ್ಲಿ ಆ, ಅಂ, ಎಂದು ಎಳೆಯುವುದನ್ನು ಎಣಿಸಲಿಕ್ಕೇ ಒಬ್ಬರು ಇರುತ್ತಾರಂತೆ. ನಮ್ಮಲ್ಲಿ ಆ ಕೆಲಸ ಅಂಗನವಾಡಿ ಟೀಚರಿಗೆ. ಅವರು ಒಂದು ಸ್ಟೀಲಿನ ಲೋಟವನ್ನೂ ಒಂದು ಮುಷ್ಟಿ ಹುಣಸೆಬೀಜವನ್ನೂ ಇಟ್ಟುಕೊಂಡು ಕೂರುತ್ತಾರೆ. ಬೇಡದ ಮಾತು ಬಂದರೆ ಒಂದು ಬೀಜ ಲೋಟಕ್ಕೆ, ಟಣ್. ಆ ಅಂ ನಮ್ಮಲ್ಲಿ ಕಡಿಮೆ. ನಮ್ಮದು "ಈ ಒಂದು." ಈ ಒಂದು ಕಾರ್ಯಕ್ರಮ, ಈ ಒಂದು ಸಂದರ್ಭ, ಈ ಒಂದು ಮೂವರು ಗಣ್ಯರು. ಅದರ ತಮ್ಮ "ಎನ್ನುವಂಥದ್ದು." ಶಿಕ್ಷಣ ಎನ್ನುವಂಥದ್ದು, ಸಮಾಜ ಎನ್ನುವಂಥದ್ದು. ಮತ್ತೆ "ಹೇಳಲಿಕ್ಕೆ ಇಷ್ಟಪಡುತ್ತೇನೆ". ಇಷ್ಟಪಟ್ಟು ಮುಗಿಯುವುದರೊಳಗೆ ಹೇಳಬೇಕಾದದ್ದು ಮರೆತಿರುತ್ತದೆ. ಮೊದಲ ತಿಂಗಳು ಮಹಡಿಯಲ್ಲಿ ಮಳೆ ಬಿದ್ದ ಹಾಗೆ ಟಣ್ ಟಣ್. ಒಬ್ಬೊಬ್ಬರ ಭಾಷಣ ಮುಗಿಯುವಾಗ ಲೋಟ ಕಾಲು ತುಂಬುತ್ತಿತ್ತು.

ಈ ವಿದ್ಯೆ ಕಲಿತ ಮೇಲೆ ನಿಮ್ಮ ಕಾರ್ಯಕ್ರಮಗಳಿಗೆ ಪ್ಯಾಂಟಿನ ಎರಡೂ ಕಿಸೆಯಲ್ಲಿ ಹುಣಸೆಬೀಜ ಹಾಕಿಕೊಂಡು ಬರತೊಡಗಿದೆ. ಬಲಗಿಸೆಯಿಂದ ಎಡಗಿಸೆಗೆ, ಒಂದೊಂದೇ. ಒಬ್ಬರ ಅಧ್ಯಕ್ಷೀಯ ಭಾಷಣದಲ್ಲಿ "ಈ ಒಂದು" 61. ಹೆಸರು ಹೇಳುವುದಿಲ್ಲ. ಮತ್ತೆ ಬೀಜ ಮುಗಿದದ್ದರಿಂದ ಅದು ಪೂರ್ತಿ ಲೆಕ್ಕವೂ ಅಲ್ಲ.

ಇಲ್ಲಿ ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು. ನಮ್ಮ ಊರಿನಲ್ಲಿ ಭಾಷಣ ಅಂದರೆ ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಮಾತಾಡುವುದು. ಹೊಳೆಯಲ್ಲಿ ಬಂದ ಪೋರ್ಚುಗೀಸರು ಊರಿಗೆ ಫರಂಗಿ ಎಂಬ ಹೆಸರು ಅಂಟಿಸಿ ಹೋದರು, ನುಡಿ ಬಿಟ್ಟು ಹೋಗಲಿಲ್ಲ, ಬಿಟ್ಟಿದ್ದರೂ ಇಡಲಿಕ್ಕೆ ಜಾಗ ಇರಲಿಲ್ಲ. ನನ್ನ ಮನೆಯಲ್ಲಿ ತುಳು, ಎಡಮನೆಯಲ್ಲಿ ಬ್ಯಾರಿ, ಬಲಮನೆಯಲ್ಲಿ ಕೊಂಕಣಿ. ಪೇಟೆಗೆ ಹೋದರೆ ಮೂರನ್ನೂ ಕಲಸಿ ಆಡುತ್ತೇವೆ. ಮೈಕಿನ ಮುಂದೆ ಬಂದ ಕೂಡಲೇ ಕನ್ನಡ. ಅದೂ ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡ, ಇಸ್ತ್ರಿ ಹಾಕಿದ್ದು. ಆ ಅಂಗಿಯಲ್ಲಿ ಕೈ ಎತ್ತಲಿಕ್ಕೆ ಬರುವುದಿಲ್ಲ. "ಈ ಒಂದು", "ಎನ್ನುವಂಥದ್ದು" ಎಲ್ಲ ಆ ಹೆದರಿಕೆಗೆ ಹಿಡಿಯುವ ಊರುಗೋಲು ಎಂದು ನನಗೆ ಅನಿಸುತ್ತದೆ. ಮನೆಯಲ್ಲಿ ಯಾರಾದರೂ "ಈ ಒಂದು ಸಾರು" ಎನ್ನುತ್ತಾರಾ?

ಇದು ನನಗೆ ತಿಳಿದದ್ದು ಮೀನಿನ ಕಾಕನಿಂದ. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತಾ ಮನೆಮನೆಗೆ ಬರುವ ಮನುಷ್ಯ. ಗೇಟಿನ ಹತ್ತಿರ ಅವರ ಮಾತಿಗೆ ಸತ್ತ ಬೂತಾಯಿ ಕೂಡ ಕಣ್ಣು ಬಿಡುತ್ತದೆ. ನಮ್ಮ ಮಹಡಿಗೆ ಬಂದ ಮೊದಲ ಮೂರು ಸಲ ಬಾಯಿ ತೆರೆಯಲಿಲ್ಲ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್. ಅವರ ಕೆಲಸವೂ ಅರ್ಧ. ಆಗ ಒಂದು ಆದಿತ್ಯವಾರ ಎದ್ದು ನಿಂತರು. ವಿಷಯ: ಮೀನು ತಾಜಾ ಉಂಟಾ ಇಲ್ಲವಾ ತಿಳಿಯುವುದು ಹೇಗೆ. "ಕಣ್ಣು ನೋಡಿ" ಎಂದು ಶುರುಮಾಡಿದರು. ನಮಸ್ಕಾರ ಇಲ್ಲ, ವೇದಿಕೆ ಮೇಲಿನವರು ಇಲ್ಲ. ಕಣ್ಣು ಉಬ್ಬಿರಬೇಕು, ಗುಳಿ ಬಿದ್ದಿರಬಾರದು. ಕಿವಿರು ಎತ್ತಿದರೆ ಒಳಗೆ ಕೆಂಪು ಬೇಕು. ಬಂಗುಡೆಯ ಬೆನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಗುಂಡಿ ಉಳಿಯಬಾರದು. ಉಳಿದರೆ ಅದು ಐಸಿನಲ್ಲಿ ಬಹಳ ದಿನ ಸಂಸಾರ ಮಾಡಿದ್ದು. ಬಲಗೈಯಲ್ಲಿ ಇಲ್ಲದ ಮೀನನ್ನು ಹಿಡಿದು, ಎಡಗೈ ಹೆಬ್ಬೆರಳಿನಿಂದ ಇಲ್ಲದ ಕಿವಿರನ್ನು ಎತ್ತಿ ತೋರಿಸಿದರು, ನಾವು ಎಂಟು ಜನವೂ ಕತ್ತು ಉದ್ದ ಮಾಡಿ ಅದರೊಳಗೆ ನೋಡಿದೆವು. ಕನ್ನಡದ ನಡುವೆ ನಾಲ್ಕು ಬ್ಯಾರಿ ಶಬ್ದ, ಎರಡು ತುಳು. ಆರು ನಿಮಿಷ. ಟೀಚರು ಲೋಟವನ್ನು ಬುಡಮೇಲು ಮಾಡಿ ತೋರಿಸಿದರು. ಒಂದು ಬೀಜವೂ ಇಲ್ಲ.

ಮನೆಗೆ ಹೋಗುವಾಗ ನನಗೆ ತಾಳಮದ್ದಳೆ ನೆನಪಾಯಿತು. ನಾವು ಅಮೆರಿಕದಿಂದ ದಮ್ಮಾಮ್ ಮಾರ್ಗವಾಗಿ ತರಿಸಿಕೊಂಡ ವಸ್ತು ನಮ್ಮ ಜಗಲಿಯಲ್ಲೇ ಇತ್ತಲ್ಲ, ಮಾರಾಯ್ರೆ! ಮಳೆಗಾಲದಲ್ಲಿ ಮೇಳ ಇಲ್ಲದಾಗ ಊರೂರಿನ ಯಕ್ಷಗಾನ ಸಂಘದವರು ವಾರಕ್ಕೊಮ್ಮೆ ಸೇರಿ ನಡೆಸುವ ಕೂಟ. ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅದನ್ನು ಹಿಡಿದು ಅರ್ಥಧಾರಿ ಆಗಿಂದಾಗ ಮಾತು ಕಟ್ಟಬೇಕು. ಅಂಗಡಿಯವನು ಕೃಷ್ಣ, ಪೋಸ್ಟ್‌ಮ್ಯಾನ್ ಕೌರವ. ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ವಿಷ್ಣು ಮಾಸ್ತರರು ಸಂಘ ಕಟ್ಟಿ ಹೀಗೆಯೇ ಎಷ್ಟೋ ಜನರ ನಾಲಗೆಯನ್ನು ತಿದ್ದಿದರು. ಸುರತ್ಕಲ್‌ನಿಂದ 1994ರಲ್ಲಿ ಶಾಸಕರಾದ ಕುಂಬಳೆ ಸುಂದರ ರಾಯರು ವೇದಿಕೆಗೆ ಬಂದದ್ದು ಅರ್ಥಗಾರಿಕೆಯಿಂದ. ನಿಮ್ಮಲ್ಲಿ ಹೆಚ್ಚಿನವರು ವೇದಿಕೆಗೆ ಬಂದದ್ದು ಹೇಗೆ ಎಂಬ ವಿಷಯ ಈಗ ಬೇಡ.

ಮೈಕಿನವನಿಗೆ ತಾಳಮದ್ದಳೆಯಷ್ಟು ಸುಖದ ಕೆಲಸ ಇಲ್ಲ. ಎರಡು ಸಾಲು ಎದುರುಬದುರು ಕೂರುತ್ತದೆ. ನಡುವೆ ಎರಡು ಮೈಕು ಇಳಿಬಿಟ್ಟರೆ ಮುಗಿಯಿತು. ಯಾರೂ ತಟ್ಟುವುದಿಲ್ಲ, ಊದುವುದಿಲ್ಲ, ಕುತ್ತಿಗೆ ತಿರುಗಿಸುವುದಿಲ್ಲ. ಯಾಕೆಂದರೆ ಅವರು ಮಾತಾಡುವುದು ಮೈಕಿನ ಹತ್ತಿರ ಅಲ್ಲ, ಎದುರು ಕೂತವನ ಹತ್ತಿರ. ಅಲ್ಲಿಯೇ ಇರುವುದು ವಿಷಯ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಎದೆಗೆ ನಾಟಿದ ಬಾಣ ಹಿಡಿದುಕೊಂಡು ಒಂದೊಂದೇ ಪ್ರಶ್ನೆ ಇಡುತ್ತಾ ಬಂದರೆ, ರಾಮನಾಗಿ ಕೂತವನು ಉತ್ತರ ಹೇಳಲೇಬೇಕಿತ್ತು. ಸಮಯದ ಅಭಾವ ಎನ್ನುವ ಹಾಗಿರಲಿಲ್ಲ. ಮುಖ್ಯ ಕಾರ್ಯಕ್ರಮ ಇನ್ನೊಂದು ಇದೆ, ಹೊರಡಲು ಅಪ್ಪಣೆ ಕೊಡಿ ಎನ್ನುವ ಹಾಗಿರಲಿಲ್ಲ. ದೇರಾಜೆ ಸೀತಾರಾಮಯ್ಯನವರ ಎದುರು ಯಾರಾದರೂ ಅಜಾಗ್ರತೆಯಿಂದ ಒಂದು ಶಬ್ದ ಬಿಟ್ಟರೆ, ಅದೇ ಶಬ್ದವನ್ನು ಮೆತ್ತಗೆ ಎತ್ತಿ ವಾಪಸು ಕೊಡುತ್ತಿದ್ದರಂತೆ, ಕೊಟ್ಟದ್ದು ಗೊತ್ತಾಗುವಾಗ ಸಭೆ ನಕ್ಕು ಆಗಿರುತ್ತಿತ್ತಂತೆ. ಅದನ್ನೆಲ್ಲ ನಾನು ಹಿರಿಯರಿಂದ ಕೇಳಿದ್ದು. ಶೇಣಿಯವರದ್ದು ಮಾತ್ರ ಕ್ಯಾಸೆಟ್ಟಿನಲ್ಲಿ ಎಷ್ಟು ಸಲ ಹಾಕಿದ್ದೇನೋ, ಒಂದು ಕಡೆ ಟೇಪು ಸವೆದು ವಾಲಿಯ ಸ್ವರ ನಡುಗುತ್ತಿತ್ತು. ಮಾತು ಉದ್ದವಾಯಿತು ಅಂತ ಕಂಡರೆ ಭಾಗವತರು ಮುಂದಿನ ಪದ್ಯಕ್ಕೆ ಸ್ವರ ಎತ್ತುತ್ತಾರೆ. ಅದಕ್ಕಿಂತ ಒಳ್ಳೆಯ ಕೆಂಪು ಕಾರ್ಡನ್ನು ಸ್ಮೆಡ್ಲಿ ಕೂಡ ಕಂಡುಹಿಡಿದಿಲ್ಲ.

ನಿಮ್ಮ ಎದುರು ಅಂಥವರು ಯಾರೂ ಕೂತಿಲ್ಲ. ಇದ್ದರೆ ಗೊತ್ತಾಗುತ್ತಿತ್ತು. ನೀವು ಹೇಳಿದ್ದಕ್ಕೆ ಉತ್ತರ ಬಂದು ಎಷ್ಟು ವರ್ಷ ಆಯಿತು, ನೆನಪು ಮಾಡಿಕೊಳ್ಳಿ. ನಿಮ್ಮ ನಂತರ ಏಳುವವರು ನೀವು ಏನು ಹೇಳಿದಿರಿ ಎಂದು ಕೇಳಿಸಿಕೊಂಡಿರುವುದಿಲ್ಲ, ತಮ್ಮ ಸರದಿಯ ಚೀಟಿ ನೋಡುತ್ತಿರುತ್ತಾರೆ. ಮರುದಿನದ ಪೇಪರಿನಲ್ಲಿ ನೀವು "ಮಾತನಾಡಿದರು", ಇನ್ಯಾರೋ "ಸ್ವಾಗತಿಸಿದರು", ಮತ್ತೊಬ್ಬರು "ವಂದಿಸಿದರು." ಯಾರಾದರೂ ಕೇಳಿಸಿಕೊಂಡರು ಅಂತ ವರದಿ ಆದದ್ದನ್ನು ನಾನು ಕಂಡಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಹತ್ತಿರದ್ದೊಂದು ಉಂಟು. ಬಾಕ್ಸಿನಿಂದ ಹೊರಟ ಸ್ವರ ಪುನಃ ಮೈಕಿನೊಳಗೆ ಹೋಗಿ, ಆಂಪ್ಲಿಫೈಯರಿನಲ್ಲಿ ದೊಡ್ಡದಾಗಿ, ಮತ್ತೆ ಬಾಕ್ಸಿಗೆ ಬಂದು, ಹೀಗೆ ತನ್ನ ಸ್ವರವನ್ನು ತಾನೇ ತಿನ್ನುತ್ತಾ ಸುತ್ತಿದರೆ ಮೈಕು ಊಳಿಡುತ್ತದೆ. ಆಗ ನೀವೆಲ್ಲ ಮುಖ ಕಿವುಚಿ ನನ್ನ ಕಡೆ ನೋಡುತ್ತೀರಿ.

ಹೀಗೆಲ್ಲ ತಿಳಿದುಕೊಂಡ ನಾನು ಒಂದು ಆದಿತ್ಯವಾರ ಇದೇ ವಿಷಯದ ಮೇಲೆ ಭಾಷಣ ತಯಾರು ಮಾಡಿಕೊಂಡು ಹೋದೆ. ಶೀರ್ಷಿಕೆ: "ಉದ್ದ ಭಾಷಣ ಮಾಡುವವರು." ಬಹಳ ರಸವತ್ತಾಗಿ ಹೋಗುತ್ತಿತ್ತು. ಐದು "ಕೊನೆಯದಾಗಿ"ಯ ಕಥೆಗೆ ಎಲ್ಲರೂ ನಕ್ಕರು. ನಕ್ಕದ್ದು ಕಂಡು ಮಹಿಷಾಸುರನನ್ನೂ ತಂದೆ, ಅದಕ್ಕೂ ನಕ್ಕರು, 61 ಬೀಜ ಹೇಳಿದೆ. ಯಾರೋ ಚಪ್ಪಾಳೆ ಹೊಡೆದರು. ಕೈ ಮುಗಿದು ಮುಂದುವರಿಸಿದೆ. ಎದುರಿನಲ್ಲಿ ಒಂದು ಮದುವೆ ಕಾಗದ ಮೇಲೆ ಕೆಳಗೆ ಆಗುತ್ತಿದ್ದದ್ದು ಕಂಡಿತ್ತು, ಆದರೆ ಅದು ನನಗಿರಬಹುದು ಎಂದು ಹೊಳೆಯಲಿಲ್ಲ. ಕೂತ ಮೇಲೆ ಗಡಿಯಾರದವನು ಓದಿದ: ಹನ್ನೊಂದು ನಿಮಿಷ ನಲವತ್ತು ಸೆಕೆಂಡ್. ನನ್ನ ಮಾತಿನ ವಿಮರ್ಶೆ ಆ ದಿನ ಇಂಜಿನಿಯರಿಂಗ್ ಓದುವ ಹುಡುಗಿಯ ಪಾಲಿಗೆ ಬಂದಿತ್ತು. ಎರಡು ಮೂರು ನಿಮಿಷ ಸಿಗುತ್ತದೆ, ಅವಳು ಹತ್ತು ಸೆಕೆಂಡ್ ತೆಗೆದುಕೊಂಡಳು. "ಅಂಕಲ್, ಚಪ್ಪಾಳೆ ಹೊಡೆದದ್ದು ನಾನು. ಅದು ಕೂರಿಸುವುದು."

ಟೀಚರು ಲೋಟವನ್ನು ಎತ್ತಲಿಲ್ಲ, ಮೇಜಿನ ಮೇಲೆ ನನ್ನ ಕಡೆಗೆ ಸ್ವಲ್ಪ ತಳ್ಳಿದರು. ಅರ್ಧ ಇತ್ತು.

ಆ ರಾತ್ರಿ ನಿಮ್ಮ ಮೇಲೆ ಜೀವಮಾನದಲ್ಲಿ ಮೊದಲ ಸಲ ನನಗೆ ಪ್ರೀತಿ ಬಂತು. ಅಲ್ಲಿ ನಿಂತಾಗ ಹೇಗಿರುತ್ತದೆ ಎಂದು ಈಗ ಗೊತ್ತು. ಗಂಟೆಗಳು ನಿಮಿಷವಾಗಿ ಕಾಣುತ್ತವೆ, ಒಂದು ನಗು ಸಿಕ್ಕಿದರೆ ಇನ್ನೊಂದಕ್ಕೆ ಆಸೆಯಾಗುತ್ತದೆ. ನಿಮಗೆ ಹನ್ನೊಂದನೇ ನಿಮಿಷದಲ್ಲಿ ಹೇಳುವ ಹುಡುಗಿ ಯಾರೂ ಸಿಗಲಿಲ್ಲ, ಅಷ್ಟೇ. ನಿಮ್ಮ ಸುತ್ತ ಇರುವವರು ಕಾರಿನ ಬಾಗಿಲು ತೆರೆದು "ಭಾರೀ ಲಾಯಿಕ್ ಆಯಿತು ಅಣ್ಣಾ" ಎನ್ನುತ್ತಾರೆ. ಅವರು ಹಿಂದಿನ ಸಾಲಿನಲ್ಲಿ ಫೋನು ನೋಡುತ್ತಿದ್ದದ್ದು ನನಗೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ, ನಿಮ್ಮ ಕಣ್ಣಿಗೆ ನಾನು ಹಾಕಿದ ಹ್ಯಾಲೊಜನ್ ಹೊಡೆಯುತ್ತಿರುತ್ತದೆ.

ಆದ್ದರಿಂದ ಈ ಆಮಂತ್ರಣ. ನಮ್ಮ ಮಹಡಿಗೆ ಬನ್ನಿ. ಹಾರ ಇಲ್ಲ, ಶಾಲು ಇಲ್ಲ, ಸ್ಮರಣಿಕೆ ಇಲ್ಲ, ಸ್ವಾಗತ ಭಾಷಣ ಇಲ್ಲ. ಬೆಂಚಿನಲ್ಲಿ ಸಿಕ್ಕಿದ ಜಾಗದಲ್ಲಿ ಕೂರಬೇಕು. ಮೊದಲ ದಿನ ಬರೀ ಕೇಳುವುದು. ಎರಡನೇ ದಿನ ಚೀಟಿ ಎತ್ತಬಹುದು. ಕಳೆದ ಸಲ ಬಂದ ಚೀಟಿಗಳು: ಬ್ರಹ್ಮರಕೂಟ್ಲು ಟೋಲಿನ ಕ್ಯೂ, ನನ್ನ ಮೊದಲ ಸೈಕಲ್, ಮಾವಿನ ಮಿಡಿ ಉಪ್ಪಿಗೆ ಹಾಕುವುದು. ಎರಡು ನಿಮಿಷ. ಸಂಸ್ಕೃತಿ, ಸಮಾಜ, ಯುವಜನತೆ ಎಂಬ ಚೀಟಿಗಳನ್ನು ನಾವು ಡಬ್ಬಿಗೆ ಹಾಕುವುದಿಲ್ಲ, ಅವು ತಾವಾಗಿ ಬರುತ್ತವೆ. ಮಾತಾಡಿ ಕೂತ ಮೇಲೆ ಮೀನಿನ ಕಾಕ ಎದ್ದು ನಿಮ್ಮ ಕಿವಿರು ಎತ್ತಿ ನೋಡುತ್ತಾರೆ. ಮೈಕು ಇಲ್ಲ, ಒಂಬತ್ತು ಜನಕ್ಕೆ ಬೇಕಾಗುವುದಿಲ್ಲ. ಮೊದಲ ಎರಡು ಸಲ ನಾನು ಅಭ್ಯಾಸಬಲದಿಂದ ಗಾಳಿಯಲ್ಲೇ ತಟ್ಟಿದ್ದೆ, ನಿಮಗೂ ಹಾಗೆ ಆದರೆ ನಾಚಿಕೆ ಬೇಡ.

ಬರಲು ಪುರುಸೊತ್ತು ಇಲ್ಲ ಎಂದಾದರೆ ಇನ್ನೊಂದು ವ್ಯವಸ್ಥೆ ಮಾಡಿದ್ದೇನೆ. ಬರುವ ಶನಿವಾರ ಸಂಜೆ ಆರಕ್ಕೆ ನಿಮ್ಮದೊಂದು ಸಭೆ ಉಂಟು, ಮೈಕು ಲೈಟು ಎರಡೂ ನನ್ನದೇ. ಸಭೆಯ ಹಿಂದೆ, ನಿಮ್ಮ ಕಣ್ಣಿಗೆ ನೇರ ಬೀಳುವ ಹಾಗೆ, ಎರಡನೇ ತೆಂಗಿನ ಮರಕ್ಕೆ ಮೂರು ಬಲ್ಬು ಕಟ್ಟುತ್ತೇನೆ. ಹಸಿರು ಐದಕ್ಕೆ, ಹಳದಿ ಆರಕ್ಕೆ, ಕೆಂಪು ಏಳಕ್ಕೆ. ಸ್ವಿಚ್ಚು ಮಗಳ ಕೈಯಲ್ಲಿ. ಅವಳಿಗೆ ಸಮಯ ಸರಿಯಾಗಿ ಗೊತ್ತಾಗುತ್ತದೆ, ಯಾರ ಮುಖ ನೋಡುವವಳೂ ಅಲ್ಲ. ಸಮಿತಿಯವರು ಕೇಳಿದರೆ ಅಲಂಕಾರಕ್ಕೆ ಎಂದು ಹೇಳಿದ್ದೇನೆ. ನೀವೂ ಅದನ್ನೇ ತಿಳಿದು "ಈ ಒಂದು ದೀಪಾಲಂಕಾರ ಎನ್ನುವಂಥದ್ದು" ಎಂದು ಶುರುಮಾಡಬೇಡಿ.

ಇತಿ,
ನಿಮ್ಮ ಮೊಣಕೈ

ಮರೆತಿದ್ದೆ: ಹೋದ ವರ್ಷದ ಮೂರು ಕಾರ್ಯಕ್ರಮಗಳ ಬಾಡಿಗೆ ಬಾಕಿ ಉಂಟು. ಆ ಬಗ್ಗೆ ಎರಡೇ ಎರಡು ಮಾತು ಸಾಕು.